ಸೇಂದಿಯ ಗಸಿ, ಡಬಲ್ ರೊಟ್ಟಿಯ ಉಬ್ಬು

ರಾತ್ರಿ ರುಬ್ಬಿಟ್ಟ ಇಡ್ಲಿಯ ಹಿಟ್ಟು ಬೆಳಗಾಗುವ ಹೊತ್ತಿಗೆ ಪಾತ್ರೆಯ ಮುಚ್ಚಳವನ್ನು ಎತ್ತಿ ಹೊರಕ್ಕೆ ಇಣುಕುತ್ತಿರುವುದನ್ನು ತಾವೆಲ್ಲ ನೋಡಿದ್ದೀರಿ. ಹಿಟ್ಟು ಚೆನ್ನಾಗಿ ಉಕ್ಕಿತೆಂದು ಮನೆಯಾಕೆಗೆ ಸಂತೋಷವೇ ಹೊರತು, ಅದನ್ನು ಉಕ್ಕಿಸಿದವರು ಯಾರು, ಅವರ ಕುಲಗೋತ್ರವೇನು ಎಂದು ಯಾರೂ ವಿಚಾರಿಸುವುದಿಲ್ಲ. ಆದರೆ ಬೇಕರಿಯ ಬ್ರೆಡ್ಡಿನ ಮಾತು ಬಂದಾಗ ನಮ್ಮ ಹಿರಿಯರು ಈ ಪ್ರಶ್ನೆಯನ್ನು ಕೇಳಿದರು. ಕೇಳಿ, ಉತ್ತರವನ್ನೂ ತಾವೇ ಹೇಳಿಕೊಂಡರು: “ಅದಕ್ಕ ಹೆಂಡ ಹಾಕಿರತಾರ.” ಅಲ್ಲಿಗೆ ಮಾತು ಮುಗಿಯಿತು. ಬ್ರೆಡ್ಡು ಅಡಿಗೆಮನೆಯ ಹೊಸ್ತಿಲು ದಾಟಲಿಲ್ಲ.

ರಾಯಚೂರಿನ ಕಡೆ ಬ್ರೆಡ್ಡಿಗೆ ಹೈದರಾಬಾದಿನ ಉರ್ದುವಿನಿಂದ ಬಂದ ‘ಡಬಲ್ ರೊಟ್ಟಿ’ ಎಂಬ ಹೆಸರೇ ಬಹುಕಾಲ ರೂಢಿಯಲ್ಲಿತ್ತು. ಹಿಟ್ಟು ಉಬ್ಬಿ ಇಮ್ಮಡಿಯಾಗುವುದರಿಂದ ‘ಡಬಲ್’ ಎಂದಾಯಿತೆಂದು ಹೇಳುವವರುಂಟು. ಸಂಪ್ರದಾಯದ ಮನೆಗಳಲ್ಲಿ ಅದು ರೋಗಿಯ ಆಹಾರವಾಗಿತ್ತು. ವಿಷಮಶೀತ ಜ್ವರ ಇಳಿದ ಮೇಲೆ ವೈದ್ಯರು ಹಾಲು ಬ್ರೆಡ್ಡು ಕೊಡಿರೆಂದು ಹೇಳಿದರೆ, ಪಡಸಾಲೆಯಲ್ಲೇ ಬೇರೆ ಬಟ್ಟಲಿಟ್ಟು ಹಾಲಿನಲ್ಲಿ ನೆನಸಿ ತಿನ್ನಿಸುವುದು. ರೋಗಿ ಎದ್ದು ಓಡಾಡತೊಡಗಿದ ದಿನ ಬಟ್ಟಲನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ಒಳಗಿಡುವುದು. ಮಾನ್ವಿಯಂಥ ಊರಿನಲ್ಲಿ ಇದು ಸಹಜವೇ. ಜಗನ್ನಾಥದಾಸರು (1728–1809) ಬಾಳಿದ ಊರು ಅದು; ಮಡಿ ಮೈಲಿಗೆಯ ಎಚ್ಚರ ಅಲ್ಲಿಯ ಎಷ್ಟೋ ಮನೆಗಳಲ್ಲಿ ಇಂದಿಗೂ ಉಂಟು.

ಆ ಹಿರಿಯರ ಸಂದೇಹ ಬರಿಯ ಮೂಢನಂಬಿಕೆಯಾಗಿತ್ತೆ? ಆಗಿರಲಿಲ್ಲ. ಅವರು ಹೇಳಿದ್ದು ನಿಜವಾಗಿತ್ತು. ಯೂಲ್ ಮತ್ತು ಬರ್ನೆಲ್ ಎಂಬ ಇಬ್ಬರು ಆಂಗ್ಲ ವಿದ್ವಾಂಸರು 1886ರಲ್ಲಿ ‘ಹಾಬ್ಸನ್-ಜಾಬ್ಸನ್’ ಎಂಬ ವಿಚಿತ್ರ ಹೆಸರಿನ ಒಂದು ನಿಘಂಟನ್ನು ಪ್ರಕಟಿಸಿದರು. ಇಂಗ್ಲಿಷಿಗೆ ಹೊಕ್ಕ ಭಾರತೀಯ ಮಾತುಗಳ ಕೋಶ ಅದು. ಹೆಂಡಕ್ಕೆ ಅವರು ಬಳಸುವ ‘ಟಾಡಿ’ ಎಂಬ ಪದದ ಕೆಳಗೆ, ಅದು ತಾಳೆಮರದ ‘ತಾಡಿ’ಯಿಂದ ಬಂದ ಮಾತೆಂದು ವಿವರಿಸಿ, ಭಾರತದಲ್ಲಿ ರೊಟ್ಟಿಯನ್ನು ಉಬ್ಬಿಸಲು ಯೀಸ್ಟಿನ ಬದಲು ಸಾಮಾನ್ಯವಾಗಿ ಬಳಸುವ ವಸ್ತು ಇದೇ ಎಂದು ಬರೆದಿದ್ದಾರೆ. ಇಬ್ಬರೂ ಈ ದೇಶದಲ್ಲಿ ವರ್ಷಗಟ್ಟಲೆ ಇದ್ದು, ಇಲ್ಲಿಯ ಭಟ್ಟಿಗಳ ರೊಟ್ಟಿ ತಿಂದವರು. ಅವರ ಮಾತಿಗೆ ಬೆಲೆಯುಂಟು.

ಹಾಗಾದರೆ ಹೆಂಡಕ್ಕೂ ರೊಟ್ಟಿಗೂ ಗಂಟು ಬಿದ್ದದ್ದು ಹೇಗೆ? ಇದನ್ನು ತಿಳಿಯಲು ಮೊದಲು ಮರದ ಬಳಿಗೆ ಹೋಗಬೇಕು.

ರಾಯಚೂರಿನಿಂದ ಮಾನ್ವಿಗೋ ದೇವದುರ್ಗಕ್ಕೋ ಹೋಗುವಾಗ ಹಳ್ಳಗಳ ದಂಡೆಯಲ್ಲಿ ಈಚಲು ಮರಗಳನ್ನು ತಾವು ನೋಡಿರಬಹುದು. ಕೃಷ್ಣೆ ತುಂಗಭದ್ರೆಗಳ ನಡುವಿನ ಈ ಎಡೆದೊರೆ ಸೀಮೆಯಲ್ಲಿ ಯಾರೂ ನೆಡದೆ, ಯಾರೂ ನೀರೆರೆಯದೆ ಬೆಳೆಯುವ ಮರ ಇದು. ಹಳೆಯ ಮರವಾದರೆ ಕಾಂಡವನ್ನು ಸೂಕ್ಷ್ಮವಾಗಿ ನೋಡಿ. ಅದು ನೆಟ್ಟಗಿರುವುದಿಲ್ಲ, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಕಚ್ಚು ಕಚ್ಚಾಗಿ, ಏಣಿಯ ಮೆಟ್ಟಿಲಿನ ಹಾಗೆ ಮೇಲಕ್ಕೆ ಹೋಗಿರುತ್ತದೆ. ತೆಂಗು ತಾಳೆಗಳಲ್ಲಿ ಹೂಗೊನೆಯನ್ನು ಕೊಯ್ದು ರಸ ಇಳಿಸಿದರೆ, ಈಚಲಿನಲ್ಲಿ ಸುಳಿಯ ಕೆಳಗೆ ಕಾಂಡವನ್ನೇ ಕೆತ್ತುತ್ತಾರೆ. ಒಂದು ವರ್ಷ ಒಂದು ಮಗ್ಗುಲು, ಮರುವರ್ಷ ಇನ್ನೊಂದು ಮಗ್ಗುಲು. ಆದ್ದರಿಂದ ಆ ಕಚ್ಚುಗಳನ್ನು ಎಣಿಸಿದರೆ ಮರ ಎಷ್ಟು ವರ್ಷ ರಸ ಕೊಟ್ಟಿತೆಂಬ ಲೆಕ್ಕ ಸಿಕ್ಕುತ್ತದೆ. ಒಂದು ಮರದ ಮೈಮೇಲೆ ಅಬಕಾರಿಯ ದಫ್ತರವೇ ಬರೆದಿದೆ ಎನ್ನಬಹುದು.

ಈ ಕೆಲಸ ಈಳಿಗೇರರದು. ಸಂಜೆ ಮರವೇರಿ ಕೆತ್ತಿ ಮಡಕೆ ಕಟ್ಟಿದರೆ ಬೆಳಗಿನ ಹೊತ್ತಿಗೆ ರಸ ತುಂಬಿರುತ್ತದೆ. ಹೊಸ ಮಡಕೆಯಲ್ಲಿ ಸೂರ್ಯ ಹುಟ್ಟುವ ಮೊದಲು ಇಳಿಸಿದ ರಸ ಬರಿಯ ಸಿಹಿನೀರು, ಅದೇ ನೀರಾ. ಅದರಲ್ಲಿ ನೂರಕ್ಕೆ ಸುಮಾರು 10 ಪಾಲು ಸಕ್ಕರೆ ಇರುತ್ತದೆ. ಬಿಸಿಲೇರಿದಂತೆ ಅದು ಬೆಳ್ಳಗೆ ನೊರೆಗಟ್ಟುತ್ತದೆ, ಬುಸುಗುಡುತ್ತದೆ. ಇದನ್ನು ಹುಳಿಯಲು ಬಿಡುವುದೆಂದರೆ ಏನನ್ನೂ ಹಾಕಬೇಕಾಗಿಲ್ಲ, ಸುಮ್ಮನಿದ್ದರೆ ಸಾಕು. ನಿನ್ನೆಯ ಮಡಕೆಯ ಗೋಡೆಗೆ ಅಂಟಿದ ಗಸಿಯೇ ಇಂದಿನ ರಸಕ್ಕೆ ಹೆಪ್ಪು. ಒಂದು ದಿನ ಕಳೆಯುವುದರೊಳಗೆ ಸಕ್ಕರೆಯ ಬಹುಪಾಲು ಮದ್ಯಸಾರವಾಗಿ, ಇಂಗಾಲದ ಡೈಆಕ್ಸೈಡ್ ಎಂಬ ಅನಿಲವಾಗಿ ಒಡೆಯುತ್ತದೆ. ಮದ್ಯಸಾರ ನೂರಕ್ಕೆ ನಾಲ್ಕೈದು ಪಾಲು. ಮರುದಿನಕ್ಕೆ ಅದು ಹುಳಿ ಹೆಚ್ಚಾಗಿ ಕುಡಿಯುವವನಿಗೂ ಬೇಡವಾಗುತ್ತದೆ. ಇನ್ನೂ ಬಿಟ್ಟರೆ ವಿನೆಗರು.

ಈಗ ಮಡಕೆಯ ತಳವನ್ನು ನೋಡೋಣ. ಅಲ್ಲಿ ಬೆಳ್ಳಗೆ, ಗಂಜಿಯ ಹಾಗೆ ಕುಳಿತಿರುವ ಗಸಿಯಲ್ಲಿ ಕೋಟಿಗಟ್ಟಲೆ ಜೀವಕಣಗಳಿವೆ. ಅವೇ ಯೀಸ್ಟ್, ಅವುಗಳ ಜೊತೆಗೆ ಹುಳಿ ಹುಟ್ಟಿಸುವ ಸೂಕ್ಷ್ಮಾಣುಗಳೂ ಇವೆ. ಹೆಂಡ ಹಳಸಿತೆಂದ ಮಾತ್ರಕ್ಕೆ ಇವು ಸತ್ತಿರುವುದಿಲ್ಲ. ಹೊಸ ಹಿಟ್ಟು, ಒಂದಿಷ್ಟು ಬೆಚ್ಚಗಿನ ನೀರು ಸಿಕ್ಕಿದರೆ ಪುನಃ ಕೆಲಸಕ್ಕೆ ತೊಡಗುತ್ತವೆ. ಕುಡಿಯುವವನು ಬೇಡವೆಂದು ಚೆಲ್ಲುವುದನ್ನು ಭಟ್ಟಿಯವನು ಬೇಕೆಂದು ಕೊಳ್ಳುವುದಕ್ಕೆ ಇದೇ ಕಾರಣ. ಅವನಿಗೆ ಮತ್ತು ಬೇಕಾಗಿಲ್ಲ, ಅನಿಲ ಬೇಕು. ಅದೇ ಯೀಸ್ಟು, ಅದೇ ಸಕ್ಕರೆ, ಅದೇ ಅನಿಲ. ಮಡಕೆಯಲ್ಲಿ ನೊರೆಯಾಗಿ ಹಾರಿಹೋಗುವುದು ಕಣಕದಲ್ಲಿ ಸಿಕ್ಕಿಬಿದ್ದು ಗುಳ್ಳೆಯಾಗುತ್ತದೆ.

ಸಿಕ್ಕಿಬೀಳಬೇಕಾದರೆ ಮಾತ್ರ ಗೋದಿಯೇ ಬೇಕು. ಗೋದಿಯ ಹಿಟ್ಟನ್ನು ನಾದಿದಾಗ ಅದರ ಪ್ರೋಟೀನು ರಬ್ಬರಿನಂಥ ಒಂದು ಬಲೆಯಾಗುತ್ತದೆ. ಇದನ್ನು ಗ್ಲೂಟೆನ್ ಎನ್ನುತ್ತಾರೆ. ನಮ್ಮ ಸೀಮೆಯ ಬಿಳಿಜೋಳದಲ್ಲಿ ಈ ಬಲೆಯಿಲ್ಲ. ಜೋಳದ ಹಿಟ್ಟಿಗೆ ಎಷ್ಟು ಹೆಂಡ ಹಾಕಿದರೂ ಅದು ಹುಳಿಯಾದೀತು, ಉಬ್ಬಲಾರದು. ಅದಕ್ಕೇ ಜೋಳದ ಸೀಮೆಯವರು ಹುಳಿಯನ್ನು ಅಂಬಲಿಗೆ ಬಳಸಿದರು, ರೊಟ್ಟಿಯನ್ನು ತಟ್ಟಿದರು. ರಾಯಚೂರಿನ ಹೆಂಗಸರಿಗೆ ಉಬ್ಬಿಸುವ ವಿದ್ಯೆ ತಿಳಿಯದೆ ಹೋದದ್ದಲ್ಲ. ಅವರ ಧಾನ್ಯ ಅದಕ್ಕೆ ಒಗ್ಗುತ್ತಿರಲಿಲ್ಲ, ಅಷ್ಟೆ. ಬಿಸಿನೀರು ಹಾಕಿ ಹಿಟ್ಟಿಗೆ ಜಿಗುಟು ಬರಿಸಿ, ಕೈಯಲ್ಲಿ ತೆಳ್ಳಗೆ ತಟ್ಟಿ, ಹೆಂಚಿನ ಮೇಲೆ ಒಳಗಿನ ಆವಿಯಿಂದಲೇ ಉಬ್ಬಿಸುವ ಜಾಣ್ಮೆ ಇನ್ನಾವ ಭಟ್ಟಿಯವನಿಗಿದೆ?

ಗೋದಿಯೇನೂ ಈ ನಾಡಿಗೆ ಹೊಸದಲ್ಲ. ಕೃಷ್ಣದೇವರಾಯನ ಕಾಲದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇಲ್ಲಿಯ ಬೆಳೆಗಳನ್ನು ಹೇಳುತ್ತ, ಗೋದಿಯೂ ಬೇಕಾದಷ್ಟಿದೆ, ಒಳ್ಳೆಯದೂ ಆಗಿದೆ ಎನ್ನುತ್ತಾನೆ. ಅದೇ ಉಸಿರಿನಲ್ಲಿ ಇನ್ನೊಂದು ಮಾತನ್ನೂ ಹೇಳುತ್ತಾನೆ: ಈ ದೇಶದಲ್ಲಿ ಬಾರ್ಲಿ ಇಲ್ಲ, ಕುದುರೆಗಳಿಗೂ ಕಾಳನ್ನೇ ಹಾಕುತ್ತಾರೆ, ಎಂದು. ನಮ್ಮ ವಿಷಯಕ್ಕೆ ಇದು ಸಣ್ಣ ಮಾತಲ್ಲ. ಬಾರ್ಲಿ ಬೆಳೆಯುವ ಯುರೋಪಿನಲ್ಲಿ ರೊಟ್ಟಿಯವನು ಬೀರು ತೆಗೆಯುವವನ ಬಾಗಿಲಿಗೆ ಹೋದ. ಬಾರ್ಲಿಯಿಲ್ಲದ ನಮ್ಮಲ್ಲಿ ಮರದಡಿಗೆ ಬಂದ.

ಹಾಗೆ ಬಂದವರಲ್ಲಿ ಪೋರ್ಚುಗೀಸರ ಹೆಸರು ಎದ್ದು ಕಾಣುತ್ತದೆ. 1510ರಲ್ಲಿ ಗೋವೆಯನ್ನು ಹಿಡಿದ ಅವರಿಗೆ ರೊಟ್ಟಿಯಿಲ್ಲದೆ ಊಟವೂ ಇಲ್ಲ, ಇಗರ್ಜಿಯ ಪೂಜೆಯೂ ಇಲ್ಲ. ಯೀಸ್ಟ್ ಸಿಕ್ಕದ ಆ ಕರಾವಳಿಯಲ್ಲಿ ತೆಂಗಿನ ಹೆಂಡವೇ ಹೆಪ್ಪಾಯಿತು. ಅಲ್ಲಿಯ ‘ಪಾಂವ್’ ಎಂಬ ಹೆಸರು ಪೋರ್ಚುಗೀಸ್ ಭಾಷೆಯದು, ಅದರ ಉಬ್ಬು ಕೊಂಕಣದ ಮರದ್ದು. ಮಂಗಳೂರಿನ ಕ್ರೈಸ್ತರ ಮನೆಗಳ ‘ಸಾನ್ನಾಂ’ ಕೂಡ ಹೆಂಡದಿಂದ ಉಬ್ಬಿದ ಅಕ್ಕಿಯ ಇಡ್ಲಿಯೇ. ಗೋವೆ ಹಿಡಿದ ಹತ್ತು ವರ್ಷಕ್ಕೆ, 1520ರಲ್ಲಿ, ಕ್ರಿಸ್ಟೊವಾವ್ ದೆ ಫಿಗೇರೆದೊ ಎಂಬವನು ತನ್ನ ಕೋವಿಕಾರರೊಂದಿಗೆ ರಾಯಚೂರಿನ ಕೋಟೆಯ ಮುಂದೆಯೇ ನಿಂತಿದ್ದ. ಕೃಷ್ಣದೇವರಾಯನ ಮುತ್ತಿಗೆಗೆ ನೆರವಾದವನು ಅವನು. ಆ ಶಿಬಿರದಲ್ಲಿ ಅವರು ಏನು ತಿಂದರೋ! ಕೋಟೆಯ ಸುತ್ತಿನ ಹಳ್ಳಗಳಲ್ಲಿ ಅವರಿಗೆ ಬೇಕಾದ ಹೆಪ್ಪಂತೂ ಇತ್ತು.

ಹೆಂಡದ ರೊಟ್ಟಿ ಎಂದು ಮೂಗು ಮುರಿದವರು ನಾವು ಮಾತ್ರವಲ್ಲ. ರೋಮಿನ ಪ್ಲಿನಿ ಒಂದನೆಯ ಶತಮಾನದಲ್ಲೇ ಬರೆದಿದ್ದಾನೆ: ಗಾಲ್ ಮತ್ತು ಸ್ಪೇನಿನ ಜನ ಬೀರಿನ ನೊರೆಯನ್ನು ತೆಗೆದು ಹಿಟ್ಟಿಗೆ ಹಾಕುತ್ತಾರೆ, ಆದ್ದರಿಂದ ಅವರ ರೊಟ್ಟಿ ಉಳಿದವರದಕ್ಕಿಂತ ಹಗುರ, ಎಂದು. ಅವನಿಗೆ ಅದು ಮೆಚ್ಚುಗೆಯಾಗಿತ್ತು. ಆದರೆ ಅದೇ ಗಾಲ್ ದೇಶದಲ್ಲಿ, ಎಂದರೆ ಫ್ರಾನ್ಸಿನಲ್ಲಿ, 1668ರಲ್ಲಿ ಪ್ಯಾರಿಸಿನ ವೈದ್ಯಮಂಡಲಿ ಕುಳಿತು ಚರ್ಚಿಸಿ, ಬೀರಿನ ಗಸಿ ಹಾಕಿದ ರೊಟ್ಟಿ ಆರೋಗ್ಯಕ್ಕೆ ಕೇಡು ಎಂದು ತೀರ್ಪಿತ್ತಿತು. ಊರಿನ ಜನಕ್ಕೆ ಆ ಮೆತ್ತನೆಯ ರೊಟ್ಟಿಯ ರುಚಿ ಹತ್ತಿಬಿಟ್ಟಿತ್ತು. ಎರಡು ವರ್ಷದ ಮೇಲೆ, 1670ರಲ್ಲಿ, ಗಸಿ ಹೊಸದಾಗಿರಬೇಕು, ಕೆಟ್ಟಿರಬಾರದು ಎಂಬ ಕಟ್ಟಳೆಯೊಡನೆ ನ್ಯಾಯಸ್ಥಾನ ಅದಕ್ಕೆ ಒಪ್ಪಿಗೆ ಕೊಟ್ಟಿತು. ಮಾನ್ವಿಯ ಅಜ್ಜಿ ಮತ್ತು ಪ್ಯಾರಿಸಿನ ವೈದ್ಯ ಒಂದೇ ಮಾತನ್ನು ಹೇಳಿದರೆಂದರೆ ನಮ್ಮ ಅಜ್ಜಿಯ ಗೌರವವೇನೂ ಕಡಿಮೆಯಾಗುವುದಿಲ್ಲ.

ಇನ್ನು ನಮ್ಮ ಪ್ರಾಚೀನರು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನಿಗೆಂದೇ ಒಂದು ಪ್ರಕರಣವಿದೆ. ಶತಮಾನಗಳ ಕಾಲ ಕಣ್ಮರೆಯಾಗಿದ್ದ ಈ ಗ್ರಂಥವನ್ನು 1905ರಲ್ಲಿ ಮೈಸೂರಿನ ಪ್ರಾಚ್ಯ ಪುಸ್ತಕಾಲಯದಲ್ಲಿ ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದವರು ನಮ್ಮ ಆರ್. ಶಾಮಶಾಸ್ತ್ರಿಗಳೆಂಬುದು ತಮಗೆ ಗೊತ್ತೇ ಇದೆ. ಆ ಪ್ರಕರಣದಲ್ಲಿ ‘ಕಿಣ್ವ’ ಎಂಬ ವಸ್ತುವನ್ನು ಮಾಡುವ ಕ್ರಮವನ್ನು ಅಳತೆಸಹಿತ ಹೇಳಿದೆ: ಒಂದು ದ್ರೋಣ ಉದ್ದಿನ ಕಲ್ಕ, ಹಸಿಯದಾಗಲಿ ಬೆಂದದ್ದಾಗಲಿ, ಅದಕ್ಕೆ ಮೂರರಲ್ಲೊಂದು ಪಾಲು ಹೆಚ್ಚಾಗಿ ಅಕ್ಕಿ, ಜೊತೆಗೆ ಕೆಲವು ಮೂಲಿಕೆಗಳು. ಇದು ಸುರೆಗೆ ಹೆಪ್ಪು. ಉದ್ದು, ಅಕ್ಕಿ ಎಂದೊಡನೆ ತಮಗೆ ಏನು ನೆನಪಾಯಿತೋ ನನಗೂ ಅದೇ ನೆನಪಾಯಿತು! ಆದರೆ ಇಲ್ಲಿ ಅವಸರ ಬೇಡ. ಕನ್ನಡದ ವಡ್ಡಾರಾಧನೆಯಲ್ಲಿ ‘ಇಡ್ಡಲಿಗೆ’ ಎಂಬ ಮಾತು ಕಾಣುತ್ತದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ, ಎಂದರೆ ಹನ್ನೆರಡನೆಯ ಶತಮಾನದಲ್ಲಿ, ‘ಇಡರಿಕಾ’ ಬರುತ್ತದೆ. ಅದು ಬರಿಯ ಉದ್ದಿನದು, ಅಕ್ಕಿಯ ಸುದ್ದಿಯಿಲ್ಲ. ಕೌಟಿಲ್ಯನ ಕಿಣ್ವವೇ ನಮ್ಮ ಇಡ್ಲಿಯ ತಾತನೆಂದು ಹೇಳಲು ಆಧಾರ ಸಾಲದು. ಇಡ್ಲಿಯ ಹಿಟ್ಟನ್ನು ಉಬ್ಬಿಸುವ ಕೆಲಸದಲ್ಲಿ ಮುಖ್ಯರಾದವರು ಯೀಸ್ಟ್ ಅಲ್ಲ, ಲ್ಯೂಕೊನೊಸ್ಟಾಕ್ ಎಂಬ ಬೇರೆ ಸೂಕ್ಷ್ಮಾಣುಗಳು ಎಂಬುದನ್ನೂ ಹೇಳಿಬಿಡಬೇಕು.

ಅದೇ ಪ್ರಕರಣದಲ್ಲಿ ಉಳಿಕೆಯ ವಿಚಾರವೂ ಬಂದಿದೆ. ಸುರೆ ಮತ್ತು ಕಿಣ್ವಕ್ಕೆ ಬೇಕಾದುದನ್ನು ಆಯುವ ಕೆಲಸ ಹೆಂಗಸರದು, ಮಕ್ಕಳದು. ಕೆಟ್ಟ ಸುರೆಯನ್ನು ಒಳ್ಳೆಯದರ ಜೊತೆ ಮಾರಕೂಡದು. ಅದನ್ನು ದಾಸರಿಗೂ ಕೂಲಿಯವರಿಗೂ ಕೂಲಿಯ ಬದಲು ಕೊಡಬಹುದು, ಬಂಡಿಯ ಎತ್ತುಗಳಿಗೆ ಕುಡಿಸಬಹುದು, ಹಂದಿಗಳನ್ನು ಸಾಕಲು ಬಳಸಬಹುದು. ಉಳಿದ ಗಸಿ ರೊಟ್ಟಿಗೆ ಹೋಗದೆ ಕೂಲಿಯವನ ಬಟ್ಟಲಿಗೂ ಹಂದಿಯ ಬಾನಿಗೂ ಒಂದೇ ಸಾಲಿನಲ್ಲಿ ಹೋಯಿತು. ಆಡಳಿತದ ಗ್ರಂಥ ಆಡಳಿತದ ಹಾಗೆಯೇ ಮಾತನಾಡುತ್ತದೆ.

‘ಕಿಣ್ವ’ ಎಂಬ ಪದದ ಮುಂದಿನ ಕಥೆ ಸ್ವಾರಸ್ಯವಾಗಿದೆ. ಇಂದು ಶಾಲೆಯ ಮಕ್ಕಳು ವಿಜ್ಞಾನದ ಪುಸ್ತಕದಲ್ಲಿ ‘ಕಿಣ್ವ’ ಎಂದು ಓದುವುದು ಎನ್‌ಜೈಮಿಗೆ. ಜೊಲ್ಲಿನಲ್ಲಿ, ಹೊಟ್ಟೆಯಲ್ಲಿ ಆಹಾರವನ್ನು ಒಡೆಯುವ ದ್ರವ್ಯಕ್ಕೆ. ಕನ್ನಡದಲ್ಲಿ ಆ ಹೆಸರು ಕೊಟ್ಟವರು ಬಲ್ಲವರೇ ಸರಿ. ಏಕೆಂದರೆ ಜರ್ಮನಿಯ ವಿಲ್‌ಹೆಲ್ಮ್ ಕ್ಯೂನೆ 1870ರ ದಶಕದಲ್ಲಿ ‘ಎನ್‌ಜೈಮ್’ ಎಂಬ ಮಾತನ್ನು ಗ್ರೀಕಿನಿಂದ ಕಟ್ಟಿದಾಗ ಅದರ ಅರ್ಥವೂ ‘ಹೆಪ್ಪಿನೊಳಗಿನದು’ ಎಂದೇ. ಹೆಂಡದ ಮಡಕೆಯ ತಳದಿಂದ ಎದ್ದ ಎರಡು ಪದಗಳು ಪಠ್ಯಪುಸ್ತಕದಲ್ಲಿ ಕೈಕುಲುಕಿವೆ.

ರಾಯಚೂರಿನ ಕಿವಿಗೆ ಇನ್ನೂ ಹತ್ತಿರವಾದ ಮಾತೊಂದಿದೆ: ‘ಖಮೀರ್’. ನಾನ್ ರೊಟ್ಟಿಯ ಹಿಟ್ಟಿಗೆ ಹಾಕುವ ಹೆಪ್ಪಿಗೆ ಉರ್ದುವಿನಲ್ಲಿ ಇದೇ ಹೆಸರು. ಅರಬ್ಬಿಯ ಯಾವ ಮೂಲಧಾತುವಿನಿಂದ ಈ ಪದ ಬಂದಿದೆಯೋ ಅದರಿಂದಲೇ ದ್ರಾಕ್ಷಾಮದ್ಯಕ್ಕೆ ‘ಖಮ್ರ್’ ಎಂಬ ಹೆಸರೂ ಬಂದಿದೆ. ಮೊದಲನೆಯದು ದಿನದ ಊಟ, ಎರಡನೆಯದು ನಿಷಿದ್ಧ. ಮದ್ಯ ಮುಟ್ಟದ ಮುಸಲ್ಮಾನ ನಾನ್‌ಬಾಯಿ ನಿನ್ನೆಯ ಕಣಕದ ಒಂದು ಉಂಡೆಯನ್ನು ಉಳಿಸಿಕೊಂಡು, ಮೊಸರನ್ನು ಬೆರಸಿ, ತನ್ನ ಖಮೀರನ್ನು ಸಾಕಿಕೊಂಡು ಬಂದ. ಹೀಗೆ ಒಂದೇ ಊರಿನಲ್ಲಿ ಎರಡು ಹೆಪ್ಪುಗಳು: ಗಡಿಗೆಯಿಂದ ಬಂದದ್ದೊಂದು, ಕಣಕದಿಂದ ಬಂದದ್ದೊಂದು.

ಇವೆರಡಕ್ಕೂ ಗಿರಾಕಿ ಹೆಚ್ಚಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. 1853ರಲ್ಲಿ ನಿಜಾಮನು ರಾಯಚೂರು ದೋಆಬನ್ನು ಹೈದರಾಬಾದ್ ಕಂಟಿಂಜೆಂಟ್ ಸೈನ್ಯದ ವೆಚ್ಚಕ್ಕಾಗಿ ಇಂಗ್ಲಿಷರಿಗೆ ಒಪ್ಪಿಸಿದ. 1860ರಲ್ಲಿ ಅದು ಅವನಿಗೆ ಮರಳಿತು. ಲಿಂಗಸುಗೂರಿನಲ್ಲಿ ಆ ಸೈನ್ಯದ ಛಾವಣಿಯಿತ್ತು. ಆಮೇಲೆ 1871ರಲ್ಲಿ ಮುಂಬಯಿಯಿಂದ ಹೊರಟ ಜಿ.ಐ.ಪಿ. ರೈಲು, ಮದರಾಸಿನಿಂದ ಹೊರಟ ಮದ್ರಾಸ್ ರೈಲ್ವೆಯ ಹಳಿ, ಎರಡೂ ಬಂದು ಕೂಡಿದ್ದು ನಮ್ಮ ರಾಯಚೂರಿನಲ್ಲಿ. ದೇಶದ ಎರಡು ದೊಡ್ಡ ಪಟ್ಟಣಗಳ ನಡುವೆ ಹಾದುಹೋಗುವ ಸಾಹೇಬರಿಗೆ, ಗಾರ್ಡುಗಳಿಗೆ, ಡ್ರೈವರುಗಳಿಗೆ ಜೋಳದ ರೊಟ್ಟಿ ಸಾಕಾಗುವಂತಿರಲಿಲ್ಲ. ಜಂಕ್ಷನ್ನು ಇದ್ದಲ್ಲಿ ಬ್ರೆಡ್ಡು ಇರಲೇಬೇಕು.

ಹೆಂಡದ ಬ್ರೆಡ್ಡನ್ನು ಮಾಡುವ ಕ್ರಮ ಕಷ್ಟದ್ದೇನಲ್ಲ. ಮೈದಾಹಿಟ್ಟಿಗೆ ಉಪ್ಪು ಬೆರಸಿ, ನೀರಿನ ಒಂದು ಪಾಲಿಗೆ ಬದಲಾಗಿ ಗಸಿ ಕದಡಿದ ಹೆಂಡವನ್ನು ಹಾಕಿ ಸಂಜೆ ನಾದಿಟ್ಟರೆ ರಾತ್ರಿಯೆಲ್ಲ ಅದು ನಿಧಾನವಾಗಿ ಏರುತ್ತದೆ. ನಸುಕಿನಲ್ಲಿ ಇನ್ನೊಮ್ಮೆ ನಾದಿ, ಉಂಡೆ ಕಟ್ಟಿ, ಕಟ್ಟಿಗೆ ಉರಿಸಿ ಕಾಯಿಸಿದ ಭಟ್ಟಿಗೆ ದೂಡುವುದು. ಪೊಟ್ಟಣದ ಯೀಸ್ಟಿನಷ್ಟು ಬೇಗ ಆಗುವುದಿಲ್ಲ, ದಿನವೂ ಒಂದೇ ಹದ ಬರುವುದಿಲ್ಲ. ಆದರೆ ಎರಡು ಗುಣಗಳುಂಟು. ಇಂಗ್ಲೆಂಡಿನ ಬೀರಿನ ಗಸಿ ಹಾಪ್ಸ್ ಎಂಬ ಹೂವಿನ ದೆಸೆಯಿಂದ ಕಹಿ. ಅಲ್ಲಿಯ ಗೃಹಿಣಿಯರು ಅದನ್ನು ತಣ್ಣೀರಿನಲ್ಲಿ ತೊಳೆದು ತೊಳೆದು ಬಳಸಬೇಕಾಗಿತ್ತು. ಹೆಂಡಕ್ಕೆ ಕಹಿಯಿಲ್ಲ, ತುಸು ಹುಳಿ ಮಾತ್ರ. ಆ ಹುಳಿಯೇ ಎರಡನೆಯ ಗುಣ: ಸೆಕೆಯ ನಾಡಿನಲ್ಲಿ ಬ್ರೆಡ್ಡು ಎರಡು ದಿನಕ್ಕೆ ಒಳಗೊಳಗೇ ನೂಲು ನೂಲಾಗಿ ಅಂಟುಬಂದು ಕೆಡುವ ಒಂದು ರೋಗವಿದೆ, ಹುಳಿಯಿದ್ದರೆ ಅದು ತಡವಾಗುತ್ತದೆ. ರಾಯಚೂರಿನ ಬೇಸಗೆಯನ್ನು ಬಲ್ಲವರಿಗೆ ಇದರ ಬೆಲೆ ತಿಳಿದೀತು.

ಅಷ್ಟರಲ್ಲಿ ಯುರೋಪಿನಲ್ಲಿ ಗಸಿಯ ಗುಟ್ಟು ಹೊರಬಿದ್ದಿತ್ತು. ಲೂಯಿ ಪಾಸ್ತರ್ 1857ರಿಂದೀಚೆಗೆ ಒಂದೊಂದಾಗಿ ಪ್ರಯೋಗ ಮಾಡಿ, ಹುಳಿಯುವುದು ಬರಿಯ ಕೊಳೆಯುವಿಕೆಯಲ್ಲ, ಜೀವಂತ ಕಣಗಳ ಬಾಳುವೆ ಎಂದು ತೋರಿಸಿದ. 1883ರಲ್ಲಿ ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಕಾರ್ಖಾನೆಯಲ್ಲಿ ಎಮಿಲ್ ಹಾನ್ಸೆನ್ ಒಂದೇ ಕಣದಿಂದ ಯೀಸ್ಟಿನ ಶುದ್ಧ ಸಂತಾನವನ್ನು ಬೆಳೆಸಿದ. ಅಮೆರಿಕದಲ್ಲಿ ಫ್ಲೈಷ್‌ಮನ್ ಸಹೋದರರು 1868ರಿಂದ ಯೀಸ್ಟನ್ನು ಒತ್ತಿ ಇಟ್ಟಿಗೆಯಾಗಿ ಮಾರಿದರು. ಆದರೆ ಆ ಇಟ್ಟಿಗೆ ತಂಪಿನಲ್ಲಿರಬೇಕಾದ ಜೀವ. ಹಡಗು ಹತ್ತಿ, ರೈಲು ಹತ್ತಿ, ನಮ್ಮ ಬಿಸಿಲಿಗೆ ಬಂದು ಮುಟ್ಟುವಷ್ಟರಲ್ಲಿ ಅದರ ಕಥೆ ಮುಗಿದಿರುತ್ತಿತ್ತು. ಒಣಗಿದರೂ ಸಾಯದ ಯೀಸ್ಟ್ ಬಂದದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ, ಸೈನ್ಯಕ್ಕಾಗಿ. ಅಲ್ಲಿಯವರೆಗೆ ನಮ್ಮ ಭಟ್ಟಿಗಳಿಗೆ ಮರವೇ ಗತಿ.

ಸಂಪ್ರದಾಯಸ್ಥರ ಸಂಶಯವನ್ನು ಸಂಪ್ರದಾಯಸ್ಥರೇ ಮುಂದೆ ನಿಂತು ಕಳೆದರು. ಹಾಸನದ ಕಡೆಯ ತಿರುಮಲಾಚಾರ್ ಎಂಬ ಅಯ್ಯಂಗಾರ್ಯರು 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ತೆರೆದ ಅಂಗಡಿಗೆ ‘ಬೆಂಗಳೂರು ಬ್ರಾಹ್ಮಣರ ಬೇಕರಿ’ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಮೊಟ್ಟೆಯಿಲ್ಲ, ಶಂಕೆ ಬೇಡ ಎಂಬ ಭರವಸೆ ಆ ಹೆಸರಿನಲ್ಲೇ ಇತ್ತು. 1965ರಲ್ಲಿ ಭಾರತ ಸರಕಾರವೇ ಮಾಡರ್ನ್ ಬೇಕರೀಸ್ ಎಂಬ ಸಂಸ್ಥೆಯನ್ನು ಕಟ್ಟಿ, ಯಂತ್ರದಲ್ಲಿ ಮಾಡಿ ಮೇಣದ ಕಾಗದ ಸುತ್ತಿದ ಬ್ರೆಡ್ಡನ್ನು ಮಾರಿಸಿತು. ಕಾಗದ ಸುತ್ತಿದ ಮೇಲೆ ಅಜ್ಜಿಯರೂ ಸುಮ್ಮನಾದರು. ಪೊಟ್ಟಣದ ಯೀಸ್ಟಾದರೂ ಹಿಟ್ಟಿನಲ್ಲಿ ಮದ್ಯಸಾರವನ್ನು ಹುಟ್ಟಿಸಿಯೇ ತೀರುತ್ತದೆ, ಅದರ ಬಹುಪಾಲು ಭಟ್ಟಿಯ ಕಾವಿಗೆ ಹಾರಿಹೋಗುತ್ತದೆ. ಹೆಂಡದ ಬ್ರೆಡ್ಡಿನಲ್ಲೂ ಆಗುತ್ತಿದ್ದುದು ಅದೇ. ಇದನ್ನು ಅವರಿಗೆ ಯಾರೂ ಹೇಳಲಿಲ್ಲ. ಹೇಳದಿದ್ದುದೇ ಒಳ್ಳೆಯದಾಯಿತೇನೋ.

ಗಸಿ ಹೊಟ್ಟೆಗೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಈ ದೇಶದಲ್ಲೇ ನಡೆದ ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. 1928ರಲ್ಲಿ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ ಮುಂಬಯಿಗೆ ಬಂದರು. ಬಟ್ಟೆಯ ಗಿರಣಿಗಳಲ್ಲಿ ದುಡಿಯುವ ಬಡ ಬಸುರಿಯರು ರಕ್ತಹೀನತೆಯಿಂದ ಸಾಯುತ್ತಿದ್ದರು, ಕಾರಣ ತಿಳಿಯದಾಗಿತ್ತು. ರೋಗಾಣುವಿನಿಂದ ಬಂದದ್ದಿರಬೇಕೆಂದು ಮೊದಲು ಹುಡುಕಿದರು, ಸಿಕ್ಕಲಿಲ್ಲ. ಆಮೇಲೆ ಅವರು ಏನು ಉಣ್ಣುತ್ತಾರೆಂದು ನೋಡಿದರು. ಇಲಿಗಳ ಮೇಲೆ, ಕೋತಿಗಳ ಮೇಲೆ ಪರೀಕ್ಷೆ ನಡೆಯಿತು. ಕೊನೆಗೆ ಗುಣ ಕೊಟ್ಟದ್ದು ಮಾರ್ಮೈಟ್ ಎಂಬ ಕಪ್ಪು ಲೇಹ್ಯ. 1902ರಿಂದ ಇಂಗ್ಲೆಂಡಿನ ಬರ್ಟನ್ ಎಂಬ ಊರಿನಲ್ಲಿ ಅದನ್ನು ಮಾಡುತ್ತಿದ್ದರು. ಬೀರು ತೆಗೆದ ಮೇಲೆ ಪೀಪಾಯಿಗಳಲ್ಲಿ ಉಳಿಯುವ ಗಸಿಯೇ ಅದಕ್ಕೆ ಕಚ್ಚಾಮಾಲು. ದಿನಕ್ಕೆ ಕೆಲವು ಚಮಚ ತಿನ್ನಿಸಿದರೆ ಸಾವಿನ ಅಂಚಿನಲ್ಲಿದ್ದ ಬಸುರಿಯರು ಚೇತರಿಸಿಕೊಂಡರು. 1931ರಲ್ಲಿ ಅವರು ಇದನ್ನು ಪ್ರಕಟಿಸಿದರು. ಗಸಿಯಲ್ಲಿದ್ದ ಆ ದ್ರವ್ಯಕ್ಕೆ ಬಹಳ ದಿನ ‘ವಿಲ್ಸ್ ಫ್ಯಾಕ್ಟರ್’ ಎಂದೇ ಹೆಸರಿತ್ತು. 1941ರಲ್ಲಿ ಪಾಲಕ ಸೊಪ್ಪಿನಿಂದ ಬೇರ್ಪಡಿಸಿದಾಗ ಎಲೆಯ ಲ್ಯಾಟಿನ್ ಹೆಸರಿನಿಂದ ಫೋಲಿಕ್ ಆಮ್ಲ ಎಂದು ಕರೆದರು. ಇಂದು ಸರಕಾರಿ ಆಸ್ಪತ್ರೆಯಲ್ಲಿ ಬಸುರಿಯ ಕೈಗೆ ಕೊಡುವ ಕಬ್ಬಿಣದ ಮಾತ್ರೆಯ ಜೊತೆಯಲ್ಲಿರುವುದು ಅದೇ. ದೇವದುರ್ಗದ ಹತ್ತಿ ಹೊಲದಲ್ಲಿ ಕೂಲಿ ಮಾಡುವ ಬಸುರಿಗೂ ಅದೇ ಮಾತ್ರೆ. ಅದನ್ನು ತೆಗೆದುಕೊಳ್ಳದೆ ಗೂಡಿನಲ್ಲಿಟ್ಟು ಮರೆಯುವವರನ್ನು ಕಂಡಾಗ ನನಗೆ ಮುಂಬಯಿಯ ಆ ಹೆಂಗಸರ ನೆನಪಾಗುತ್ತದೆ.

ಕುಡಿತದ ಪರವಾಗಿ ಇದನ್ನೆಲ್ಲ ಹೇಳುತ್ತಿದ್ದೇನೆಂದು ತಾವು ಭಾವಿಸಬಾರದು. ರಾಯಚೂರು ಜಿಲ್ಲೆಗೆ ಸೇಂದಿ ಮಾಡಿದ ಕೇಡು ಸಣ್ಣದಲ್ಲ. ನಿಜಾಮನ ಆಳಿಕೆಯಲ್ಲಿ ಅಬಕಾರಿ ಸರಕಾರದ ದೊಡ್ಡ ವರಮಾನಗಳಲ್ಲೊಂದು. ಮರಗಳನ್ನು ಎಣಿಸಿ ಮರಕ್ಕಿಷ್ಟು ಎಂದು ತೆರಿಗೆ ಎತ್ತುತ್ತಿದ್ದರು. ಮದರಾಸು ಪ್ರಾಂತದಲ್ಲಿ 1948ರ ಹೊತ್ತಿಗೆ ಪಾನನಿಷೇಧ ಎಲ್ಲ ಜಿಲ್ಲೆಗಳಿಗೂ ಹಬ್ಬಿತು. ತುಂಗಭದ್ರೆಯ ಆಚೆ ದಂಡೆ ಒಣಗಿತು, ಈಚೆ ದಂಡೆ ಹಸಿಯಾಗಿಯೇ ಉಳಿಯಿತು. 1956ರಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು. ಈಗ ಜಿಲ್ಲೆಯಲ್ಲಿ ಸೇಂದಿ ಮಾರುವುದು ಅಪರಾಧ. ಆದರೂ ಗಡಿಯಾಚೆಯಿಂದ ಕದ್ದು ತಂದ ‘ಸಿ.ಎಚ್. ಪೌಡರ್’ ಎಂಬ ಪುಡಿಯನ್ನು, ಎಂದರೆ ನಿದ್ದೆ ಬರಿಸುವ ಕ್ಲೋರಲ್ ಹೈಡ್ರೇಟನ್ನು, ನೀರಿಗೆ ಕಲಸಿ ಸೇಂದಿಯೆಂದು ಮಾರುವ ದಂಧೆಯ ಸುದ್ದಿ ಇಲ್ಲಿಯ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಕುಡಿದವರು ಅದಕ್ಕೆ ಎಷ್ಟು ದಾಸರಾಗುತ್ತಾರೆಂದರೆ ಒಂದು ದಿನ ತಪ್ಪಿದರೂ ಕೈಕಾಲು ನಡುಗಿ, ಮತಿಗೆಟ್ಟು ಆಸ್ಪತ್ರೆ ಸೇರುತ್ತಾರೆ. ಆ ದ್ರವ ಮರವನ್ನೇ ಕಂಡಿಲ್ಲ. ಅದರ ತಳದಲ್ಲಿ ಗಸಿ ಇಲ್ಲ, ಗಸಿಯಿದ್ದರೂ ಅದು ಜೀವವಲ್ಲ. ಒಂದು ಹಿಡಿ ಮೈದಾಹಿಟ್ಟಿಗೆ ಅದನ್ನು ಹಾಕಿ ಬೆಳಗಿನವರೆಗೆ ಇಟ್ಟರೆ ಹಿಟ್ಟು ಇದ್ದ ಹಾಗೆಯೇ ಇರುತ್ತದೆ.

ಗಸಿಯ ಮಾತಾಯಿತು, ಚರಟದ ಮಾತು ಸ್ವಲ್ಪ ಉಳಿದಿದೆ. ಬೀರಿಗಾಗಿ ಬಾರ್ಲಿಯನ್ನು ಮೊಳಕೆ ಬರಿಸಿ, ಹುರಿದು, ನುಚ್ಚು ಮಾಡಿ, ಬಿಸಿನೀರಿನಲ್ಲಿ ನೆನಸಿ ಸಿಹಿಯನ್ನು ಹಿಂಡಿಕೊಂಡ ಮೇಲೆ ಹೊಟ್ಟು ಉಳಿಯುತ್ತದೆ. 100 ಲೀಟರು ಬೀರಿಗೆ ಸುಮಾರು 20 ಕಿಲೋ ಹಸಿ ಹೊಟ್ಟು. ಹಿಟ್ಟಿನಂಶ ಹೋಗಿದ್ದರೂ ನಾರು, ಪ್ರೋಟೀನು ಅದರಲ್ಲೇ ನಿಂತಿರುತ್ತವೆ. ಎಲ್ಲ ಕಡೆಯೂ ಅದು ಹಸುವಿನ ಬಾನಿಗೆ ಹೋಗುವುದು ವಾಡಿಕೆ. ಬೆಂಗಳೂರಿನಲ್ಲಿ ಈಚೆಗೆ ‘ಸೇವಿಂಗ್ ಗ್ರೇನ್ಸ್’ ಎಂಬ ಉದ್ಯಮವೊಂದು ಅದನ್ನು ಒಣಗಿಸಿ ಬೀಸಿ ಹಿಟ್ಟು ಮಾಡಿ ಮನುಷ್ಯರ ಊಟಕ್ಕೆ ತರುವ ಕೆಲಸ ನಡೆಸಿದೆ. ಹಸಿಯಾದರೆ ಒಂದೆರಡು ದಿನದಲ್ಲಿ ಕೆಡುವ ವಸ್ತು, ಒಣಗಿಸುವುದೇ ಕಷ್ಟ.

ತಮ್ಮ ಮನೆಯಲ್ಲಿ ಬೀರಿಲ್ಲ, ಸರಿ. ಆದರೆ ಕೂಸಿಗಾಗಿ ರಾಗಿಯನ್ನೋ ಜೋಳವನ್ನೋ ಮೊಳಕೆ ಕಟ್ಟಿ ಒಣಗಿಸಿ ಬೀಸಿ, ಬಟ್ಟೆಯಲ್ಲಿ ಸೋಸಿ ಮಾಲ್ಟು ಮಾಡುವ ಮನೆಗಳು ಬೇಕಾದಷ್ಟಿವೆ. ಬಟ್ಟೆಯಲ್ಲಿ ಉಳಿಯುವ ತೌಡು ಅದೇ ಜಾತಿಯದು. ಅದನ್ನು ಚೆಲ್ಲದೆ ಗೋದಿಹಿಟ್ಟಿಗೆ ಬೆರಸಿ. ಹತ್ತು ಹಿಡಿ ಹಿಟ್ಟಿಗೆ ಒಂದು ಹಿಡಿ, ಹೆಚ್ಚೆಂದರೆ ಎರಡು. ಅದಕ್ಕಿಂತ ಹೆಚ್ಚಾದರೆ ಹೊಟ್ಟಿನ ಚೂರುಗಳು ಹಿಟ್ಟಿನ ಬಲೆಯನ್ನು ಹರಿದು ಚಪಾತಿ ಬಿರಿಯುತ್ತದೆ. ಮೊಳಕೆಯ ದೆಸೆಯಿಂದ ಅದಕ್ಕೆ ಒಂದು ನಸುಸಿಹಿ ಬರುತ್ತದೆ. ಕಲಸಿ ಅರ್ಧ ತಾಸು ಬಿಟ್ಟು ಲಟ್ಟಿಸಿದರೆ ಮೆತ್ತಗೂ ಇರುತ್ತದೆ.

ಮಾನ್ವಿಯ ಕಡೆ ಈಗ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದು ಬಿಳಿಜೋಳದ ಎಷ್ಟೋ ಹೊಲಗಳು ಬತ್ತದ ಗದ್ದೆಗಳಾಗಿವೆ. ಉಳಿದ ಈಚಲು ಮರಗಳ ಗರಿಯನ್ನು ಕೊಯ್ದು ಕಸಬರಿಗೆ ಕಟ್ಟುತ್ತಾರೆ, ಚಾಪೆ ಹೆಣೆಯುತ್ತಾರೆ. ಹಳೆಯ ಮರವೊಂದು ಕಣ್ಣಿಗೆ ಬಿದ್ದರೆ ಕಾಂಡದ ಕಚ್ಚುಗಳನ್ನು ಕೆಳಗಿನಿಂದ ಎಣಿಸುತ್ತ ಹೋಗಿ. ಒಂದು ಎತ್ತರದಲ್ಲಿ ಕಚ್ಚು ನಿಂತು, ಅಲ್ಲಿಂದ ಮೇಲಕ್ಕೆ ಮರ ನೆಟ್ಟಗೆ ಬೆಳೆದಿರುತ್ತದೆ.